ಅತ್ತೆ ಆರಿಸಿದ ಬೀಜ

ಹಾರವಾಡದ ನಮ್ಮ ಗಜನಿ ಗದ್ದೆಗೆ, ಅಂದರೆ ಉಪ್ಪುನೀರು ನುಗ್ಗುವ ಆ ಕೆಸರಿಗೆ, ನಾನು ಸೊಸೆಯಾಗಿ ಬಂದು ಹದಿನೆಂಟು ವರ್ಷವಾಗಿತ್ತು. ಬಿತ್ತನೆ, ಕೊಯ್ಲು ಎಲ್ಲ ನನ್ನ ಮೈಮೇಲೆ. ಬೀಜ ಮಾತ್ರ ಅತ್ತೆಯದು. ಕೊಯ್ಲಿಗೆ ಮುಂಚೆ ಒಬ್ಬರೇ ಗದ್ದೆಗಿಳಿದು, ಉಪ್ಪುನೀರನ್ನೂ ತಾಳುವ ಕಗ್ಗ ಭತ್ತದ ತೆನೆಗಳನ್ನು ಆರಿಸಿ ತರುತ್ತಿದ್ದರು. ಅಂಗಳದಲ್ಲಿ ಕೂತು ಮತ್ತೊಮ್ಮೆ ನೋಡಿ, ಬೆರಕೆ ಎನಿಸಿದ್ದನ್ನು ಪಕ್ಕಕ್ಕೆ ಎಸೆಯುತ್ತಿದ್ದರು. ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರೆ, "ನೀ ಹೋಗು, ಒಲೆ ನೋಡು" ಎನ್ನುವರು. ಕಾರವಾರದಲ್ಲಿ ಬಿ.ಎಸ್ಸಿ. ಮುಗಿಸಿ ಬಂದವಳಿಗೆ!

ಅಂಥ ಅತ್ತೆ ಹೊರಗಿನಿಂದ ಬಂದ ಒಬ್ಬಳು ವಿಜ್ಞಾನಿಗೆ ಎಲ್ಲವನ್ನೂ ಬಿಚ್ಚಿ ಹೇಳಿದರು. ಬಾಳೆಗುಳಿಯ ಆಚೆ ಬೋರ್ಡೇ ಇಲ್ಲದ ಒಂದು ಕಟ್ಟಡ ಎದ್ದಿತ್ತು. ಎತ್ತರದ ಕಂಪೌಂಡು, ಗೇಟಿನಲ್ಲೇ ಮೊಬೈಲ್ ಇಸಿದುಕೊಳ್ಳುವ ವಾಚ್‌ಮನ್. ಒಳಗೆ ಬೀಜಗಳ ವಂಶವಾಹಿ ಪರೀಕ್ಷೆ ಮಾಡುತ್ತಾರಂತೆ ಎನ್ನುವುದಷ್ಟೇ ಊರಿಗೆ ಗೊತ್ತು. ಅದನ್ನು ಕಟ್ಟಿಸಿದವಳು ಇವಳೇ, ಹೆಚ್ಚುಕಡಿಮೆ ನನ್ನ ವಯಸ್ಸು. ತನ್ನ ಲ್ಯಾಬಿನ ಬಗ್ಗೆ ತುಟಿ ಬಿಚ್ಚದವಳು ನಮ್ಮ ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಪ್ರಶ್ನೆ ಮೇಲೆ ಪ್ರಶ್ನೆ ಕೇಳುವಳು. ಅತ್ತೆ ತೆನೆಯನ್ನು ಅವಳ ಕೈಯಲ್ಲಿಟ್ಟು, ಬೆರಳು ಹಿಡಿದು ತೋರಿಸುವರು. ನಾನು ಚಹಾ ತಂದುಕೊಡಬೇಕು. ಹೊಟ್ಟೆಕಿಚ್ಚಿನಿಂದ ನನಗೆ ಊಟ ಸೇರುತ್ತಿರಲಿಲ್ಲ. ನನ್ನ ಬೆರಳನ್ನು ಅವರು ಒಮ್ಮೆಯೂ ಹಾಗೆ ಹಿಡಿದಿರಲಿಲ್ಲ.

ಪರೀಕ್ಷೆಗೆಂದು ಅತ್ತೆ ಬೀಜ ಆರಿಸಿ, ಪೊಟ್ಟಣ ಕಟ್ಟಿ, ಲ್ಯಾಬಿಗೆ ಮುಟ್ಟಿಸಲು ನನ್ನ ಕೈಗೆ ಕೊಟ್ಟರು. ಅವರು ಎಸೆದ ತೆನೆಗಳು ಅಂಗಳದ ಮೂಲೆಯಲ್ಲೇ ಬಿದ್ದಿದ್ದವು. ಒಂದಿಷ್ಟು ಉದುರಿಸಿ ಪೊಟ್ಟಣಕ್ಕೆ ಸೇರಿಸಿಬಿಟ್ಟೆ. ನನ್ನ ಕಣ್ಣಿಗೆ ಎರಡೂ ಒಂದೇ. ಅವಳ ಮುಂದೆ ಅತ್ತೆಯ ಜಂಬ ಸ್ವಲ್ಪ ಇಳಿಯಲಿ, ಅವಳು ಬರುವುದು ನಿಲ್ಲಲಿ, ಇಷ್ಟೇ ನನಗೆ ಬೇಕಾಗಿದ್ದದ್ದು.

ತಿಂಗಳ ನಂತರ ಲ್ಯಾಬಿನಿಂದ ಅವಳ ಕಾರು ಬಂತು. ಅತ್ತೆಯ ಪಕ್ಕ ಕೂತು ಮೆಲ್ಲಗೆ, "ಅಮ್ಮಾ, ಅದ್ರಲ್ಲಿ ಬೇರೆ ಭತ್ತ ಸೇರ್ಕಂಡದೆ" ಎಂದಳು.

ಅತ್ತೆ ಜಗಳ ತೆಗೆಯುತ್ತಾರೆ, ಅವಳ ಯಂತ್ರವನ್ನೇ ಬಯ್ಯುತ್ತಾರೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. "ನನ್ ಕಣ್ ಹೋಯ್ತು ಬಾಯೋರೆ, ತಪ್ಪು ನಂದೇಯಾ. ಇನ್ ಮ್ಯಾಲೆ ಸೊಸೆ ಆರಿಸ್ತದೆ" ಎಂದರು.

ಅತ್ತೆ ಬೇರೆ ಎಂದು ಎಸೆದದ್ದನ್ನೇ ಯಂತ್ರವೂ ಬೇರೆ ಎಂದಿತ್ತು. ಅವರ ಕಣ್ಣು ಸರಿಯಾಗಿದೆ ಎಂದು ಬಲ್ಲವಳು ಆ ಜಗಲಿಯಲ್ಲಿ ನಾನೊಬ್ಬಳೇ. ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದೆ.

ಮುಂದಿನ ಕೊಯ್ಲಿಗೆ ಮುಂಚೆ ಗದ್ದೆಗೆ ನಾನೇ ಇಳಿದೆ. ಅತ್ತೆ ಬದುವಿನ ಮೇಲೆ ನಿಂತಿದ್ದರು. ತೆನೆಗಳೆಲ್ಲ ನನಗೆ ಒಂದೇ ಥರ ಕಂಡವು. ಒಂದನ್ನು ಮುರಿದು ಅವರತ್ತ ಚಾಚಿ, "ಇದು ಆಗ್ತದಾ ಅತ್ತೆ?" ಎಂದು ಕೇಳಿದೆ.

ಅವರು ಕೈ ಚಾಚಲಿಲ್ಲ. "ನನ್ ಎಂತಕೆ ಕೇಳ್ತಿ? ನಂಗೆ ಕಾಣೂದಿಲ್ಲ" ಎಂದು ಮನೆಯ ದಾರಿ ಹಿಡಿದರು.