ಕಟಿಂಗ್ ಮಾಸ್ಟರರ ರಷ್ಯನ್

ಮೊನ್ನೆ ಮೊಬೈಲಿನಲ್ಲಿ ಚಿತ್ರ ನೋಡಿ ಆಸೆಪಟ್ಟು ಒಂದು ನೈಟಿ ತರಿಸಿದೆ. ಪೊಟ್ಟಣ ಬಿಚ್ಚಿ ತಲೆಯ ಮೇಲಿಂದ ಹಾಕಿಕೊಂಡರೆ, ನೀವು ನಂಬುವುದಿಲ್ಲ, ನನ್ನ ಕೈಗಳಿಗೆ ತೋಳೇ ಸಿಗಲಿಲ್ಲ. ಹುಡುಕಿಕೊಂಡು ಹೊರಗೆ ಬರುವಷ್ಟರಲ್ಲಿ ಬೆವರು ಬಂದಿತ್ತು. ಕನ್ನಡಿಯ ಮುಂದೆ ನಿಂತೆ. ಅದರೊಳಗೆ ನನ್ನ ಜೊತೆ ನಮ್ಮ ನಾದಿನಿಯೂ ಆರಾಮಾಗಿ ಇರಬಹುದಿತ್ತು, ನಾವಿಬ್ಬರೂ ಮಾತು ಬಿಟ್ಟಿರದಿದ್ದರೆ. ಕತ್ತಿನ ಹಿಂದಿನ ಚೀಟಿ ತಿರುಗಿಸಿ ನೋಡಿದೆ: ನಲವತ್ತೆಂಟು. ಅಷ್ಟೇ. ನನಗೆ ನಗು ಶುರುವಾಯಿತು. ಮಂಚದ ಮೇಲೆ ಕೂತು ನಕ್ಕೆ, ಉಸಿರು ಸಿಗದೆ ಎದ್ದು ನಿಂತು ನಕ್ಕೆ.

ಪಡಸಾಲೆಯಲ್ಲಿ ಪೇಪರು ಓದುತ್ತಿದ್ದ ನಮ್ಮ ಮನೆಯವರು, “ಆಂ? ಏನು? ಏನು?” ಎಂದರು. ಎರಡು ವರ್ಷದಿಂದ ಇವರಿಗೆ ಕಿವಿ ಮಂದ. ದಿನಕ್ಕೆ ನೂರು ಸಲ “ಏನು? ಏನು?” ಕೇಳಿ ಕೇಳಿ ನನಗೆ ರೇಗಿಹೋಗಿದೆ. ಯಂತ್ರ ಹಾಕಿಸಿಕೊಳ್ಳಿ ಅಂದರೆ ಅದೂ ಕೇಳಿಸುವುದಿಲ್ಲ. ನನ್ನ ಮನಸ್ಸು ಆಗಲೇ ದೋಹಾಕ್ಕೆ, ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲಕ್ಕೆ ಓಡಿಹೋಗಿತ್ತು. ಬನ್ನಿ, ನಿಮ್ಮನ್ನೂ ಕರೆದುಕೊಂಡು ಹೋಗುತ್ತೇನೆ.

ಆಗ ಇವರು ಅಲ್ಲಿ ಗ್ಯಾಸ್ ಪೈಪ್‌ಲೈನಿನ ಇನ್ಸ್‌ಪೆಕ್ಟರ್. ಮದೀನತ್ ಖಲೀಫಾ ಎಂಬ ಬಡಾವಣೆಯಲ್ಲಿ ಒಂದು ವಿಲ್ಲಾದ ಹಿಂಭಾಗದ ಮೂರು ಕೋಣೆ ನಮ್ಮದು. ಊರಿನಿಂದ ದೂರ ಬಂದ ಭಾರತೀಯರೆಲ್ಲ ಸೇರಿ ಒಂದು ಸೇವಾ ಕ್ಲಬ್ಬು ಕಟ್ಟಿಕೊಂಡಿದ್ದರು. ಸೇವೆ ಎಂದರೆ ತಿಂಗಳಿಗೊಂದು ಸಭೆ, ಸಭೆಯಲ್ಲಿ ಅಧ್ಯಕ್ಷ ಶೆಟ್ಟರ ಮುಕ್ಕಾಲು ಗಂಟೆಯ ಭಾಷಣ, ಆಮೇಲೆ ಬಿರಿಯಾನಿ. ನಾನು ಹೋಗುತ್ತಿದ್ದದ್ದು ಮೂರನೆಯದಕ್ಕೆ. ಹೀಗಿರುವಾಗ ಒಂದು ದಿನ ಇವರು ಸಭೆಯಿಂದ ಬಂದು ಶೂ ಬಿಚ್ಚುತ್ತ, ನನ್ನ ಮುಖ ನೋಡದೆ ಹೇಳಿದರು:

“ರಷ್ಯಾದಿಂದ ಐದು ಮಂದಿ ಸ್ಟೂಡೆಂಟ್ಸ್ ಬರ್ತಾರ, ಬಿಸಿನೆಸ್ ಕಲಿಯಾಕ. ಮೂರು ವಾರ. ಒಬ್ಬಾಕಿ ನಮ್ಮನ್ಯಾಗ ಇರ್ತಾಳ.”

“ಯಾರನ್ನ ಕೇಳಿ ಹೂಂ ಅಂದ್ರಿ?”

“ನಿನಗ ಮನ್ಯಾಗ ಬ್ಯಾಸರ ಅಂತಿದ್ದೆಲ್ಲ!”

ನೋಡಿ, ನನ್ನ ಬೇಸರಕ್ಕೆ ಇವರು ರಷ್ಯಾದಿಂದ ಮದ್ದು ತರಿಸಿದ್ದರು.

ಬಂದವಳ ಹೆಸರು ಲೇನಾ. ಇಪ್ಪತ್ತೊಂದರ ಹುಡುಗಿ, ಬಾಗಿಲಿನಷ್ಟು ಎತ್ತರ. ನಾವು ಸ್ವೆಟರ್ ಹಾಕಿಕೊಂಡು ಓಡಾಡುವ ಚಳಿಯಲ್ಲಿ ಅವಳು ಟೆರೇಸಿನ ಮೇಲೆ ಬರಿಗಾಲಲ್ಲಿ ನಿಂತು “ಬೇಸಿಗೆ! ಬೇಸಿಗೆ!” ಎಂದು ಕುಣಿದಳು. ಮೊದಲ ದಿನ ರೊಟ್ಟಿಯ ಜೊತೆ ಬೀಟ್‌ರೂಟ್ ಪಲ್ಯ ಮಾಡಿದ್ದೆ. ಬೀಟ್‌ರೂಟು ಕಂಡು ಆ ಹುಡುಗಿಯ ಕಣ್ಣಲ್ಲಿ ನೀರು. ಖಾರ ಹೆಚ್ಚಾಯಿತೇನೋ ಎಂದು ನಾನು ಸಕ್ಕರೆ ಡಬ್ಬಿ ಹಿಡಿದು ಓಡಿದರೆ, ಅವಳು ತಮ್ಮ ಮನೆಯ ದಿನದ ಸಾರೂ ಇದರದೇ ಎಂದು ತಟ್ಟೆ ಮುಂದೆ ಮಾಡಿ ಇನ್ನಷ್ಟು ಹಾಕಿಸಿಕೊಂಡಳು. ಆಮೇಲೆ ಇಪ್ಪತ್ತು ದಿನ ನಮ್ಮ ಮನೆಯಲ್ಲಿ ಬೀಟ್‌ರೂಟು. ಇವರು ಕೊನೆಗೆ ಕೈಮುಗಿದರು.

ಉಳಿದ ನಾಲ್ವರನ್ನು ಹೋಟೆಲು, ಶಿಪ್ಪಿಂಗ್ ಆಫೀಸು ಎಂದು ಹಂಚಿದ್ದಾಗಿತ್ತು. ಲೇನಾಳದು ಒಂದೇ ಹಟ, ಹೊಲಿಗೆ ಅಂಗಡಿಯೇ ಬೇಕು. ಅವಳ ಅಮ್ಮ ಇದ್ದ ಬಟ್ಟೆ ಕಾರ್ಖಾನೆ ಮುಚ್ಚಿಹೋಗುವಾಗ ಸಂಬಳದ ಬದಲು ಬಟ್ಟೆಯ ಥಾನು ಕೊಟ್ಟು ಕಳಿಸಿತ್ತಂತೆ. ಮನೆ ತುಂಬ ಥಾನುಗಳು. ಊಟದ ಮೇಜೂ ಅದೇ, ಮಂಚವೂ ಅದೇ. ಹೊಲಿಯಲು ಯಂತ್ರವಿಲ್ಲ. ಅವಳ ಕಾಲೇಜಿನಲ್ಲಿ ಆರು ಹೊಲಿಗೆ ಯಂತ್ರ ಇಟ್ಟಿದ್ದರು. ಹೊರದೇಶದಲ್ಲಿ ಒಂದು ವ್ಯಾಪಾರವನ್ನು ಆರ್ಡರಿನಿಂದ ಡೆಲಿವರಿ ತನಕ ಅವಳೇ ಮಾಡಿದ್ದಾಳೆ ಎಂದು ಅಂಗಡಿಯ ಮಾಲೀಕರಿಂದ ಸಹಿ ತಂದರೆ ಆರೂ ಅವಳಿಗೆ. ತರದಿದ್ದರೆ ಬೇರೆಯವರಿಗೆ. ಇದನ್ನೆಲ್ಲ ಅವಳು ತುಂಡು ಇಂಗ್ಲಿಷಿನಲ್ಲಿ, ನಗುನಗುತ್ತಲೇ ಹೇಳಿದಳು.

ಹಾಗಾಗಿ ರಾಘಣ್ಣ. ಸೂಕ್ ವಾಕಿಫ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಅವರ ಟೈಲರ್ ಅಂಗಡಿ; ಶಾಲೆಯ ಯೂನಿಫಾರಂ, ಕಂಪನಿ ಕೆಲಸಗಾರರು ತೊಡುವ, ಅಂಗಿ-ಪ್ಯಾಂಟು ಒಂದೇ ಆದ ಕವರಾಲ್, ಅರಬರ ಮನೆಯ ಪರದೆ ಎಲ್ಲ ಹೊಲಿಯುತ್ತಿದ್ದರು. ಮೂಲ್ಕಿ ಕಡೆಯವರು. ಬಾಯಲ್ಲಿ ಸದಾ ಗುಂಡುಪಿನ್ನು. ತುಳು, ಕನ್ನಡ, ಹಿಂದಿ, ಬೇಕಾದಷ್ಟು ಅರಬ್ಬಿ. ಅರಬ್ಬಿಯಲ್ಲೇ ಹೇಳುವುದಾದರೆ ಇಂಗ್ಲಿಷ್ ಮಾತ್ರ ಮಾಫಿ, ಇಲ್ಲವೇ ಇಲ್ಲ. “ಹದಿನೆಂಟು ವರ್ಷ ಆಯ್ತು ಮಾರಾಯ್ರೆ, ನಮ್ಮ ಅಂಗಡಿಯ ಬಟ್ಟೆ ಒಂದು ವಾಪಸ್ ಬಂದದ್ದುಂಟಾ?” ಎಂದು ಎಲ್ಲರನ್ನೂ ಕೇಳುವುದು ಅವರ ರೂಢಿ. ಶೆಟ್ಟರ ಮಾತಿಗೆ ಕಟ್ಟುಬಿದ್ದು ಲೇನಾಳನ್ನು ಸೇರಿಸಿಕೊಂಡರು. ಇಂಡಸ್ಟ್ರಿಯಲ್ ಏರಿಯಾದ ಒಂದು ಕಂಪನಿಯಿಂದ ಎಂಬತ್ತು ಕವರಾಲ್‌ನ ಆರ್ಡರು ಬಂದಿತ್ತು. ಅದನ್ನೇ ಅವಳ ಕೈಗೆ ಒಪ್ಪಿಸಿದರು. ತಾವು ಒಂದು ಮದುವೆ ಮನೆಯ ಮಜ್ಲಿಸಿನ, ಅಂದರೆ ಅತಿಥಿಗಳ ಹಾಲಿನ, ಪರದೆಗಳಲ್ಲಿ ಮುಳುಗಿಹೋದರು.

ಅಳತೆ ತೆಗೆಯಲು ನಾನೇ ಅವಳನ್ನು ಕ್ಯಾಂಪಿಗೆ ಕರೆದುಕೊಂಡು ಹೋಗಿದ್ದೆ. ಊಟದ ಬಿಡುವಿನಲ್ಲಿ ಗೇಟಿನ ಹತ್ತಿರ ಕೆಲಸಗಾರರು ಸಾಲುಗಟ್ಟಿದರು. ತಲೆಗೆ ಸ್ಕಾರ್ಫು ಕಟ್ಟಿದ ಈ ಎತ್ತರದ ಹುಡುಗಿ ಟೇಪು ಹಿಡಿದು ಹತ್ತಿರ ಬಂದರೆ ಪಾಪ, ಒಬ್ಬೊಬ್ಬರೂ ಉಸಿರು ಬಿಗಿಹಿಡಿದು, ಆಕಾಶ ನೋಡುತ್ತ, ಪಾಸ್‌ಪೋರ್ಟ್ ಫೋಟೋಕ್ಕೆ ನಿಂತ ಹಾಗೆ ನಿಂತರು. ಎಂಬತ್ತು ಜನರ ಅಳತೆಯನ್ನೂ ಅವಳು ಮುದ್ದಾಗಿ ಬರೆದುಕೊಂಡಳು. ಅಳತೆಯಲ್ಲಿ ತಪ್ಪಿರಲಿಲ್ಲ. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು.

ಆ ದಿನ ಊಟಕ್ಕೆ ಕೂತಾಗ ಲೇನಾ ಹೇಳಿದಳು, “ಮಾಸ್ಟರ್ ಬಹಳ ಒಳ್ಳೆಯವರು. ನಾನು ಏನು ಕೇಳಿದರೂ ರಷ್ಯನ್‌ನಲ್ಲಿ ಹೌದು ಹೌದು ಅನ್ನುತ್ತಾರೆ. ದಾ ದಾ!”

ನನಗೆ ರೋಮಾಂಚನ! ನಮ್ಮ ರಾಘಣ್ಣ ನಾಲ್ಕೇ ದಿನದಲ್ಲಿ ರಷ್ಯನ್ ಕಲಿತರಲ್ಲ! ಮಂಗಳೂರಿನವರ ನಡುವೆ ಐದು ವರ್ಷ ಬಾಳಿದ ನನಗೆ ತುಳುವಿನಲ್ಲಿ ಬರುತ್ತಿದ್ದದ್ದು “ವಣಸ್ ಆಂಡಾ”, ಊಟ ಆಯಿತಾ, ಅದೊಂದೇ. ಹೊಟ್ಟೆಯ ಭಾಷೆ ಬೇಗ ಹತ್ತಿತು, ಉಳಿದದ್ದಕ್ಕೆ ಪುರುಸೊತ್ತಾಗಲಿಲ್ಲ. ರಾಘಣ್ಣ ರಷ್ಯನ್ ಕಲಿತ ಸುದ್ದಿಯನ್ನು ನಾನು ಫೋನು ಮಾಡಿ ಮಾಡಿ ಕ್ಲಬ್ಬಿಗೆಲ್ಲ ಹಂಚಿದೆ. ಶೆಟ್ಟರು ಮುಂದಿನ ಭಾಷಣದಲ್ಲಿ ಹತ್ತು ನಿಮಿಷ ಅದನ್ನೇ ಹೊಗಳಿದರು. ಆ ಪದ ಯಾವುದು ಎಂದು ಒಬ್ಬರೂ ಕೇಳಲಿಲ್ಲ.

ತುಳು ಬಲ್ಲವರು ಇಷ್ಟು ಹೊತ್ತಿಗೆ ತಲೆ ಚಚ್ಚಿಕೊಂಡಿರುತ್ತೀರಿ. ಬಾರದವರಿಗೆ ಹೇಳುತ್ತೇನೆ: ತುಳುವಿನಲ್ಲಿ ‘ದಾದ’ ಎಂದರೆ ‘ಏನು’.

ಮೂರನೆಯ ವಾರದ ಗುರುವಾರ ಬೆಳಿಗ್ಗೆ ಎಂಬತ್ತು ಕವರಾಲ್ ಗಂಟು ಕಟ್ಟಿಸಿಕೊಂಡು ಲೇನಾ, ನಾನು, ರಾಘಣ್ಣ ಪಿಕಪ್ಪಿನಲ್ಲಿ ಕ್ಯಾಂಪಿಗೆ ಹೊರಟೆವು. ಪರದೆಯ ಗಡಿಬಿಡಿಯಲ್ಲಿ ರಾಘಣ್ಣ ಒಂದನ್ನೂ ಬಿಡಿಸಿ ನೋಡಿರಲಿಲ್ಲ. ಕಂಪನಿಯ ಪರ್ಚೇಸ್ ಆಫೀಸರ್ ಜೋರ್ಡಾನಿನವರು, ಮೀಸೆಯ ಮನುಷ್ಯ. ಎದುರಿಗೆ ನಿಂತಿದ್ದ ಒಬ್ಬ ತೆಳ್ಳಗಿನ ಆಂಧ್ರದವನಿಗೆ ಹಾಕಿಕೊಂಡು ತೋರಿಸು ಎಂದರು. ಅವನು ಹಾಕಿಕೊಂಡ. ಕೈ ಮಾಯವಾಯಿತು. ಕಾಲು ಮಾಯವಾಯಿತು. ಜಿಪ್ಪು ಎಳೆದರೆ ಗದ್ದವೂ ಮಾಯ. ಅವನ ಗೆಳೆಯನೊಬ್ಬ ಓಡಿಬಂದು ಅದೇ ಕವರಾಲಿನೊಳಗೆ ತಾನೂ ತೂರಿಕೊಂಡು, ಇಬ್ಬರೂ ಸೇರಿ ಸಲಾಂ ಹೊಡೆದರು! ಕ್ಯಾಂಪಿಗೆ ಕ್ಯಾಂಪೇ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ತಡೆದುಕೊಳ್ಳಲಾಗಲಿಲ್ಲ. ಆಫೀಸರ್ ಒಬ್ಬರೇ ನಗಲಿಲ್ಲ. “ಖಲಾಸ್! ಶನಿವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾದದ್ದು ಬೇಕು. ಇಲ್ಲದಿದ್ದರೆ ಆರ್ಡರ್ ಕ್ಯಾನ್ಸಲ್” ಎಂದು ಒಳಗೆ ಹೋದರು.

ಆಗ ಲೇನಾಳ ಮುಖ ನೋಡಿದೆ. ಅವಳು ಅಳಲಿಲ್ಲ. ಕುತ್ತಿಗೆಯಲ್ಲಿದ್ದ ಟೇಪು ತೆಗೆದು, ಸುರುಳಿ ಸುತ್ತಿ, ನನ್ನ ಕೈಗಿಟ್ಟಳು. ಶನಿವಾರ ಸಂಜೆ ಅವಳ ವಿಮಾನ. ನನ್ನ ನಗು ಅಲ್ಲೇ ಸತ್ತುಹೋಯಿತು.

ಅಂಗಡಿಯಲ್ಲಿ ವಿಚಾರಣೆ ನಡೆಯಿತು. ಅಂಗಡಿಯ ಕಟರ್ ಕರೀಮ್ ಭಾಯ್ ಲೇನಾ ಬರೆದುಕೊಟ್ಟ ಚೀಟಿ ತೆಗೆದು ತೋರಿಸಿದರು. ನಲವತ್ತಾರು, ನಲವತ್ತೆಂಟು, ಐವತ್ತು ಎಂದು ಬರೆದಿತ್ತು. ಅಷ್ಟೇ ಇಂಚು ಎದೆಗೆ ಕತ್ತರಿಸಿದ್ದೇನೆ ಎಂದರು. ಯಾರೋ ರಷ್ಯಾದ ಪೈಲ್ವಾನರಿಗೆ ಹೋಗುವ ಮಾಲು ಎಂದುಕೊಂಡಿದ್ದರಂತೆ. ಲೇನಾ ಕೊಟ್ಟಿದ್ದ ಟೇಪನ್ನು ನಾನು ಬಿಡಿಸಿದೆ. ಅದರಲ್ಲಿ ಇಂಚೇ ಇರಲಿಲ್ಲ, ಬರೀ ಸೆಂಟಿಮೀಟರು. ಅವರ ದೇಶದಲ್ಲಿ ಎದೆಯ ಸುತ್ತಳತೆಯ ಅರ್ಧವೇ ಸೈಜು. ತೊಂಬತ್ತೆರಡು ಸೆಂಟಿಮೀಟರ್ ಎದೆಯವನಿಗೆ ನಲವತ್ತಾರು. ಅದೇ ಮನುಷ್ಯ ರಾಘಣ್ಣನ ಇಂಚಿನಲ್ಲಿ ಮೂವತ್ತಾರು!

“ನಾನು ಮಾಸ್ಟರನ್ನು ಕೇಳಿದೆ,” ಎಂದಳು ಲೇನಾ. “ನಲವತ್ತಾರು, ನಲವತ್ತೆಂಟು, ಐವತ್ತು, ಸರಿಯೇ ಅಂತ. ಮಾಸ್ಟರ್ ದಾ ದಾ ಅಂದರು.”

ನಾನು ಅದನ್ನು ಕನ್ನಡಕ್ಕೆ ತಿರುಗಿಸಿದೆ. ರಾಘಣ್ಣ ಬಾಯಿಂದ ಪಿನ್ನುಗಳನ್ನು ತೆಗೆದು ಮೇಜಿನ ಮೇಲಿಟ್ಟರು.

“ದಾದ ಅಂದದ್ದು ಹೌದು ಮಾರಾಯ್ರೆ! ಎಂತ ಅಂತ ಕೇಳಿದ್ದು ನಾನು! ಅವಳು ಪಟಪಟ ಅಂತ ಎಂತದೋ ಹೇಳ್ತಾಳೆ, ನಾನು ದಾದ ಅಂತೇನೆ, ಅವಳು ಖುಷಿಯಲ್ಲಿ ಓಡ್ತಾಳೆ. ಅವಳು ಕೇಳಿದ್ದು ಎಂತ ಅಂತ ನಂಗೆ ಇವತ್ತಿನವರೆಗೂ ಗೊತ್ತಿಲ್ಲ!”

ನನ್ನ ಪಾಲಿನ ಪಾಪವೂ ನೆನಪಾಗಿ ಕಿವಿ ಬಿಸಿಯಾಯಿತು. ಊರಿಗೆಲ್ಲ ಡಂಗುರ ಹೊಡೆದವಳು ನಾನಲ್ಲವೇ? ರಾಘಣ್ಣ ಹದಿನೆಂಟು ವರ್ಷದ ಮಾನ ಹೋಯಿತು ಎಂದು ಕೂತುಬಿಟ್ಟರು. “ಸಹಿ ಗಿಹಿ ಅಂತ ನನ್ನತ್ರ ಕೇಳ್ಲಿಕ್ಕೆ ಬರ್ಬೇಡಿ” ಎಂದು ಗೋಡೆ ಕಡೆ ತಿರುಗಿದರು. ಹಾಗೆ ತಿರುಗಿದವರು ಒಂದು ಕವರಾಲು ಎತ್ತಿ, ಹಿಂದೆ ಮುಂದೆ ನೋಡಿ, ಗೊಣಗಿದರು: “ಪುಣ್ಯಕ್ಕೆ ದೊಡ್ಡದಾಗಿದೆ. ಚಿಕ್ಕದಾಗಿದ್ರೆ ದೇವರೇ ಗತಿ.”

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ, ಅಷ್ಟು ಸಾಕಾಯಿತು ಲೇನಾಳಿಗೆ. ನನ್ನ ಕೈಯಿಂದ ಟೇಪು ಕಿತ್ತುಕೊಂಡು, ಅದನ್ನು ಅಲ್ಲೇ ಬಿಸಾಡಿ, ಇಂಚಿನ ಟೇಪು ಕೇಳಿದಳು.

ಶುಕ್ರವಾರ ಅಲ್ಲಿ ರಜೆ, ಬೆಳಗಾಗುತ್ತಲೇ ನಮ್ಮ ಹಾಲಿನಲ್ಲಿ ಇಡೀ ಕ್ಲಬ್ಬು. ಎಂಜಿನಿಯರರು, ಬ್ಯಾಂಕಿನವರು, ಅವರ ಹೆಂಡಂದಿರು, ಎಲ್ಲರ ಕೈಯಲ್ಲೂ ಒಂದೊಂದು ಬ್ಲೇಡು. ಲೇನಾ ಯೋಜನೆ ಹಾಕಿದ್ದಳು: ಈ ಗೋಡೆಯ ಪಕ್ಕ ಕೂತವರು ಪಕ್ಕದ ಹೊಲಿಗೆ ಬಿಚ್ಚಬೇಕು, ಆ ಗೋಡೆಯವರು ತೋಳು, ನಡುವೆ ಅವಳು ಚಾಕಿನಿಂದ ಹೊಸ ಗೆರೆ ಎಳೆಯುವುದು, ನಮ್ಮ ಮನೆಯವರು ಹೊತ್ತುಹೊತ್ತಿಗೆ ಕಾರಿನಲ್ಲಿ ಅಂಗಡಿಗೆ ಸಾಗಿಸುವುದು. “ಯಲ್ಲಾ! ಯಲ್ಲಾ!” ಎಂದು ಅರಬರ ಹಾಗೆ ಅವಸರ ಮಾಡಿ, ಚಪ್ಪಾಳೆ ತಟ್ಟುತ್ತ ತಿರುಗಾಡಿದಳು. ಶೆಟ್ಟರು ಸೇವೆಯ ಮಹತ್ವ ಕುರಿತು ಎರಡು ಮಾತು ಎಂದು ಎದ್ದರೆ ಭುಜ ಒತ್ತಿ ಕೂರಿಸಿ ಒಂದು ಪ್ಯಾಂಟಿನ ಕಾಲು ಕೊಟ್ಟಳು. ನಮ್ಮ ಅಧ್ಯಕ್ಷರು ಮಾತಿಲ್ಲದೆ ಕೆಲಸ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ದಿನ. ನಮ್ಮ ಮನೆಯವರು ಹುಮ್ಮಸ್ಸಿನಲ್ಲಿ ತಮ್ಮ ಲುಂಗಿಯ ಅಂಚನ್ನೇ ಬಿಚ್ಚಿಟ್ಟಿದ್ದರು. ನೂಲಿನ ಚೂರು ಸಾರಿನಲ್ಲಿ, ತಲೆಯಲ್ಲಿ, ಫ್ಯಾನಿನ ರೆಕ್ಕೆಯ ಮೇಲೆ. ಅಷ್ಟು ನಗು ಆ ಮನೆ ಯಾವತ್ತೂ ಕೇಳಿರಲಿಲ್ಲ. ಅಂಗಡಿಯಲ್ಲಿ ಕರೀಮ್ ಭಾಯ್ ಜುಮ್ಮಾ ನಮಾಜು ಮುಗಿಸಿ ಬಂದು ಯಂತ್ರಕ್ಕೆ ಕೂತವರು ಏಳಲಿಲ್ಲ. ರಾಘಣ್ಣ ಕತ್ತರಿಸುತ್ತಿದ್ದರು, ಲೇನಾ ಕಳಿಸಿದ ಪ್ರತಿ ಗೆರೆಯನ್ನೂ ಟೇಪಿಟ್ಟು ನೋಡಿ.

ಶನಿವಾರ ಹತ್ತು ಗಂಟೆಗೆ ಅದೇ ಆಂಧ್ರದವನು ಹಾಕಿಕೊಂಡ. ಕೈ ಇತ್ತು, ಕಾಲಿತ್ತು, ಗದ್ದವೂ ಇತ್ತು! ಆಫೀಸರ್ ಎಂಬತ್ತನ್ನೂ ತೆಗೆದುಕೊಂಡರು, ಮೀಸೆಯ ಕೆಳಗೆ ಸ್ವಲ್ಪ ನಕ್ಕರು ಕೂಡ.

ಆದರೆ ಸಹಿ? ಅಂಗಡಿಗೆ ಬಂದು ಶೆಟ್ಟರು ಕಾಗದ ಬಿಡಿಸಿದರು. ಲೇನಾಳ ಪೆಟ್ಟಿಗೆ ಬಾಗಿಲಲ್ಲಿತ್ತು. ಅವಳು ಉಗುರು ಕಚ್ಚುತ್ತಿದ್ದಳು. ಶೆಟ್ಟರು ಪ್ರಾಮಾಣಿಕ ಮನುಷ್ಯ, ಹುಬ್ಬು ಗಂಟಿಕ್ಕಿದರು. “ಇಲ್ಲಿ ಒಂದು ಪ್ರಶ್ನೆ ಉಂಟು ರಾಘಣ್ಣ. ಈ ಕೆಲಸವನ್ನು ಮೊದಲಿಂದ ಕೊನೆಯವರೆಗೆ ಇವಳೇ ಮಾಡಿದ್ದಾ? ಹೌದು, ಅಲ್ಲ ಅಂತ ಬರೀಬೇಕು. ನಾವು ಮೂವತ್ತು ಜನ ಸೇರಿ ಬಿಚ್ಚಿದ್ದೇವಲ್ಲ?”

ರಾಘಣ್ಣ ಲೇನಾಳನ್ನು ನೋಡಿದರು. ಬಾಯಿಂದ ಪಿನ್ನು ತೆಗೆದರು.

“ದಾ ದಾ.”

ಶೆಟ್ಟರೂ ತುಳುವರಲ್ಲವೇ, ಪ್ರಶ್ನೆಯನ್ನು ಇನ್ನೊಮ್ಮೆ ಓದಿದರು, ಗಟ್ಟಿಯಾಗಿ.

“ದಾ ದಾ!” ಎಂದರು ರಾಘಣ್ಣ.

ಶೆಟ್ಟರು ಮೂರನೆಯ ಸಲ, ಒಂದೊಂದೇ ಪದ ಬಿಡಿಸಿ ಓದಿದರು. ಆಗ ರಾಘಣ್ಣ ಮೇಜು ಗುದ್ದಿ ಕೂಗಿದರು: “ರಷ್ಯನ್‌ನಲ್ಲಿ ಹೇಳ್ತಾ ಇದ್ದೇನೆ ಮಾರಾಯ್ರೆ! ತಪ್ಪು ಮಾಡಿದ್ದೂ ಅವಳೇ, ಸರಿ ಮಾಡಿದ್ದೂ ಅವಳೇ, ನಿಮ್ಮಂಥವರನ್ನು ಹಿಡಿದು ದುಡಿಸಿದ್ದೂ ಅವಳೇ. ಇನ್ನೆಂತ ಬೇಕು? ಕೊಡಿ ಪೆನ್ನು!”

ಲೇನಾಳಿಗೆ ಬೇರೆ ಒಂದೂ ಅರ್ಥವಾಗಿರಲಿಲ್ಲ, ಆ ಎರಡಕ್ಷರ ಆಗಿತ್ತು. ಅಷ್ಟೆತ್ತರದ ಹುಡುಗಿ ಬಗ್ಗಿ ರಾಘಣ್ಣನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಎಲ್ಲಿ ನೋಡಿ ಕಲಿತಿದ್ದಳೋ. ಆಮೇಲೆ ಅತ್ತಳು. ನಾನೂ ಅತ್ತೆ. ರಾಘಣ್ಣ ಮತ್ತೆ ಪಿನ್ನು ಬಾಯಿಗೆ ಹಾಕಿಕೊಂಡು ಪರದೆಯ ಕಡೆ ಹೋದರು.

ಹೊಸ ವರ್ಷಕ್ಕೆ ಒಂದು ಫೋಟೋ ಬಂತು. ಆರು ಯಂತ್ರಗಳ ನಡುವೆ ಅವಳಮ್ಮ, ಕುತ್ತಿಗೆಯಲ್ಲಿ ಇಂಚಿನ ಟೇಪು. ಆಮೇಲೆ ಅವರ ವಿಳಾಸ ಬದಲಾಯಿತು, ನಮ್ಮದೂ ಬದಲಾಯಿತು.

ಈಗ ಹೇಳಿ, ಇಂಥ ನೈಟಿಯನ್ನು ವಾಪಸ್ ಕಳಿಸಲು ಮನಸ್ಸು ಬಂದೀತೇ? ಪಕ್ಕದ ಹೊಲಿಗೆ ಬಿಚ್ಚಲು ಬ್ಲೇಡು ಹುಡುಕಿದೆ. ಹೊಲಿಯಲು ಮನೆಯಲ್ಲಿ ಯಂತ್ರವಿಲ್ಲ. ಅರವತ್ತು ದಾಟಿದ ಮೇಲೆ ಅದೆಲ್ಲ ಯಾಕೆ ಎಂದು ಇವರು ಮೂರು ಸಲ ಬೇಡವೆಂದಿದ್ದಾರೆ. ಬಾಗಿಲಿಗೆ ಬಂದು, ಎಂದಿನಂತೆ ಕಿರುಚದೆ, ಮೆತ್ತಗೆ ಕೇಳಿದೆ:

“ಏನ್ರಿ, ನಾನೊಂದು ಹೊಲಿಗಿ ಮಿಷನ್ ತಗೊಳ್ಳಲೇನು?”

ಪೇಪರಿನ ಹಿಂದಿನಿಂದ ಬಂತು: “ಏನು? ಏನು?”

ನಾಳೆ ಬೆಳಿಗ್ಗೆ ಅಂಗಡಿಯವನು ಯಂತ್ರ ತಂದು ಕೊಡುತ್ತಾನೆ. ಇವರು ಕೇಳಿದರೆ ಹೇಳುತ್ತೇನೆ, ನೀವೇ ಎರಡು ಸಲ ಹೂಂ ಅಂದಿರಲ್ಲ ಎಂದು.