ಬೀಗತಿಗೆ ಹೇಳಿಬಿಟ್ಟ ಆಟ

ಹೇಳಿ ನೋಡೋಣ, ಬೀಗತಿ ಕೆಣಕಿದಾಗ ಬಾಯಿ ಮುಚ್ಚಿಕೊಂಡು ಕೂತ ಹೆಂಗಸನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಕಂಡಿದ್ದರೆ ಅವಳ ಊರು ತಿಳಿಸಿ, ಹೋಗಿ ಕಾಲು ಮುಟ್ಟಿ ಬರುತ್ತೇನೆ. ನನ್ನಿಂದ ಅದು ಆಗಲಿಲ್ಲ. ಆಗದ್ದಕ್ಕೆ ನನ್ನ ಮೊಮ್ಮಗಳು ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ತನ್ನ ಜಾಗ ಕಳೆದುಕೊಳ್ಳುವ ಹಾಗಾಯಿತು. ಅದನ್ನು ಈಗ ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆಯುತ್ತಿದ್ದೇನೆ. ಬೆರಳು ನೋಯುತ್ತದೆ. ನೋಯಲಿ.

ನಾವಿರುವುದು ಕೊಪ್ಪಳದಲ್ಲಿ. ಮಗನ ಮಗಳು ಡಿಗ್ರಿ ಎರಡನೇ ವರ್ಷ. ನಮ್ಮ ಕಡೆ ಅಜ್ಜಿಯನ್ನು ಅಮ್ಮ ಅನ್ನುತ್ತಾರೆ, ಅವಳೂ ಹಾಗೇ ಕರೆಯುತ್ತಾಳೆ. ದಿನಾ ಸಂಜೆ ಕಾಲೇಜಿನ ಮೈದಾನದಲ್ಲಿ ಅವಳಿಗೆ ಆಟದ ಅಭ್ಯಾಸ. ಮೊಣಕಾಲಿಗೆ ನಡೆದಾಡುವುದು ಒಳ್ಳೆಯದೆಂದು ಡಾಕ್ಟರು ಹೇಳಿದ್ದೇ ನೆಪ, ನಾನೂ ಅವಳ ಜೊತೆ ಹೊರಟುಬಿಡುತ್ತಿದ್ದೆ. ಅವಳು ಓಡುತ್ತಿದ್ದಳು, ನಾನು ಮೆಟ್ಟಿಲ ಮೇಲೆ ಕೂರುತ್ತಿದ್ದೆ. ನಡೆಯಲು ಹೋದವಳು ಕೂತು ಬರುತ್ತಿದ್ದೆ ಅನ್ನುವುದು ಡಾಕ್ಟರಿಗೆ ಗೊತ್ತಿಲ್ಲ. ಒಂದು ಡಬ್ಬಿ ಕುದಿಸಿದ ಶೇಂಗಾ ಒಯ್ಯುತ್ತಿದ್ದರಿಂದ ಹುಡುಗಿಯರು ನನ್ನನ್ನು ಓಡಿಸಲಿಲ್ಲ.

ಅವರಿಗೆ ಆಟ ಕಲಿಸುವ ಮೇಡಂ ಕುಷ್ಟಗಿಯವರು. ಮಾತು ಕಡಿಮೆ, ಕೊರಳಲ್ಲಿ ಸದಾ ಸೀಟಿ.

ಮಳೆಗಾಲ ಮುಗಿದ ಮೇಲೆ ನಮ್ಮ ಹುಡುಗಿಯರು ಗಂಗಾವತಿಯ ಒಂದು ಕಾಲೇಜಿನವರ ಜೊತೆ ಆಡಲು ಹೋದರು. ಗಂಗಾವತಿ ಎಂದರೆ ನನ್ನ ಮಗಳನ್ನು ಕೊಟ್ಟ ಊರು. ಅಲ್ಲಿನ ತಂಡದಲ್ಲಿ ನನ್ನ ಬೀಗತಿಯ ಹಿರಿಮಗನ ಮಗಳು ಆಡುತ್ತಾಳೆ. ಹಾಗಾಗಿ ನಾನು ಹಿಂದಿನ ದಿನವೇ ಹೋಗಿ ಮಗಳ ಮನೆಯಲ್ಲಿ ಉಳಿದು, ಮರುದಿನ ಬೀಗತಿಯ ಪಕ್ಕದಲ್ಲೇ ಕೂತು ಆಟ ನೋಡಿದೆ. ತಪ್ಪಿನ ಬೀಜ ಬಿದ್ದದ್ದು ಅಲ್ಲೇ.

ಗಂಗಾವತಿಯ ಹುಡುಗಿಯರು ನಮ್ಮವರ ಬೆನ್ನು ಹತ್ತಿ ಓಡಲಿಲ್ಲ. ಮುಂದೆ ಇಬ್ಬರು, ಬಾಸ್ಕೆಟ್ಟಿನ ಹತ್ತಿರ ಮೂವರು, ಕೈ ಅಗಲಿಸಿ ನಿಂತುಬಿಟ್ಟರು. ಚೆಂಡು ಎತ್ತ ಹೋದರೆ ಅತ್ತ ಎರಡು ಹೆಜ್ಜೆ ಸರಿಯುತ್ತಿದ್ದರು, ಅಷ್ಟೇ. ನಮ್ಮವರು ಚೆಂಡು ಬಡಿಯುತ್ತ ಒಳಗೆ ನುಗ್ಗುವುದು, ಐದು ಜನರ ಕೈಯಲ್ಲಿ ಸಿಕ್ಕು ಕಳೆದುಕೊಳ್ಳುವುದು. ಇಲ್ಲವೇ ದೂರದಿಂದಲೇ ಎಸೆಯುವುದು, ಅದು ಬಾಸ್ಕೆಟ್ಟಿನ ಕಬ್ಬಿಣದ ಬಳೆಗೆ ಬಡಿದು ಹೊರಬೀಳುವುದು. ಬೀಗತಿ ಸೆರಗಿನಿಂದ ಬಾಯಿ ಮರೆ ಮಾಡಿಕೊಂಡು ನನ್ನ ಕಡೆ ವಾಲಿದರು.

"ಏನ್ರಿ ಬೀಗರ, ನಿಮ್ಮ ಹುಡುಗ್ಯಾರು ಭತ್ತದ ಗದ್ದ್ಯಾಗ ಇಳಿದ ಎತ್ತಿನಂಗ ನಿಂತ್ರಲ್ರಿ. ಜ್ವಾಳ ಬೆಳಿಯೋ ಊರವ್ರಿಗೆ ಕೆಸರು ತಿಳಿಯಂಗಿಲ್ಲ ಬಿಡ್ರಿ."

"ಕೆಸರಾಗ ಕಾಲು ಹೂತು ನಿಂತೋರು ನಿಮ್ಮೋರ್ರಿ," ಅಂದೆ. "ನಮ್ಮೋರು ಓಡಾಡಾಕತ್ಯಾರ."

"ಓಡಾಡ್ಲಿ ಓಡಾಡ್ಲಿ. ಮನಿಗೆ ಹೋಗಾಕ ಬಸ್ಸಂತೂ ಸಿಗ್ತೈತಿ."

ಬೀಗರ ನಡುವೆ ಇಂಥ ಮಾತು ಇದ್ದದ್ದೇ. ಮದುವೆ ದಿನ ಹೋಳಿಗೆಗೆ ತುಪ್ಪ ಕಡಿಮೆಯಾಯಿತೆಂದು ಶುರುವಾದದ್ದು ಇಪ್ಪತ್ತು ವರ್ಷವಾದರೂ ನಿಂತಿಲ್ಲ. ಯಾರೂ ಸಿಟ್ಟಾಗುವಂತಿಲ್ಲ, ಯಾರೂ ಸೋಲುವಂತಿಲ್ಲ. ಆ ದಿನ ಮೈದಾನದಲ್ಲಿ ಮಾತ್ರ ನಮ್ಮವರು ಸೋತರು. ಬೀಗತಿ ಕಟ್ಟಿಕೊಟ್ಟ ಬುತ್ತಿ ಹಿಡಿದುಕೊಂಡು ಬಸ್ಸು ಹತ್ತಿದೆ.

ಮರುದಿನ ಸಂಜೆ ಮೇಡಂ ಹುಡುಗಿಯರನ್ನು ಸುತ್ತ ಕೂರಿಸಿ, ಅವರ ಚಪ್ಪಲಿಗಳನ್ನೇ ನೆಲದ ಮೇಲೆ ಜೋಡಿಸಿದರು. ಮುಂದೆ ಎರಡು, ಹಿಂದೆ ಮೂರು. ಮೂರರ ನಡುವಿನದು ನನ್ನ ಹರಿದ ಚಪ್ಪಲಿ.

"ಇದಕ್ಕ ಝೋನ್ ಅಂತಾರ. ಅವ್ರು ಆಳು ಕಾಯಂಗಿಲ್ಲ, ಜಾಗ ಕಾಯ್ತಾರ. ಚೆಂಡು ಬಡಕೋತ ಒಬ್ಬಾಕಿ ನುಗ್ಗಿದ್ರ ಐದೂ ಮಂದಿ ಮ್ಯಾಲೆ ಬೀಳ್ತಾರ. ಕೈಯಿಂದ ಕೈಗೆ ಲಗೂ ಲಗೂ ಒಗೀರಿ. ಯಾರ ಕಾಲಾದ್ರೂ ಚೆಂಡಿನಷ್ಟು ಜೋರು ಓಡಂಗಿಲ್ಲ. ಅವ್ರು ಸರಿಯೋದ್ರಾಗ ಸಂದು ಬೀಳ್ತೈತಿ. ಆ ಸಂದ್ನ್ಯಾಗ ನಿಂದರ್ಬೇಕು."

ನನಗೆ ತಡೆಯಲಾಗಲಿಲ್ಲ. ನನ್ನ ತವರು ಅಳವಂಡಿ. ಹುಡುಗಿಯಾಗಿದ್ದಾಗ ಜೋಳ ಹಾಲು ತುಂಬುವ ಹೊತ್ತಿಗೆ ಹಕ್ಕಿ ಕಾಯಲು ಹೊಲಕ್ಕೆ ಕಳಿಸುತ್ತಿದ್ದರು. ಅಟ್ಟದ ಮೇಲೆ ನಿಂತು ಕವಣೆ ಬೀಸುವುದು. ಅರ್ಧ ಹೊಲ ನನ್ನದು, ಅರ್ಧ ನನ್ನ ತಂಗಿಯದು. ಹಕ್ಕಿಗಳು ಬಲು ಚಾಲಾಕಿ, ಸರಿಯಾಗಿ ಇಬ್ಬರ ಗಡಿಯಲ್ಲೇ ಇಳಿಯುತ್ತಿದ್ದವು. ಅವಳು ಹೊಡೆಯಲಿ ಎಂದು ನಾನು, ನಾನು ಹೊಡೆಯಲಿ ಎಂದು ಅವಳು. ಅಷ್ಟರಲ್ಲಿ ತೆನೆ ಖಾಲಿ. ಇದನ್ನು ಮೆಟ್ಟಿಲ ಮೇಲಿಂದಲೇ ಹೇಳಿದೆ.

ಮೇಡಂ ತಿರುಗಿ ನೋಡಿದರು. "ಅದ ನೋಡ್ರಿ. ನಾ ಒಂದ್ ತಾಸು ಹೇಳೋದನ್ನ ಅಮ್ಮಾರು ಎರಡು ಮಾತಿನ್ಯಾಗ ಹೇಳಿದ್ರು. ಹಕ್ಕಿ ಆಗ್ರಿ ನೀವು."

ಆ ಮಾತಿನಿಂದ ನನ್ನ ತಲೆ ಎಷ್ಟು ದಪ್ಪವಾಯಿತೆಂದರೆ ಮನೆಯ ಬಾಗಿಲಲ್ಲಿ ಹಿಡಿಸಿದ್ದೇ ಹೆಚ್ಚು. ಅಂದಿನಿಂದ ನಾನು ನೋಡುವವಳಲ್ಲ, ತಂಡದವಳು ಅಂದುಕೊಂಡೆ.

ಮೇಡಂ ಹೂಡಿದ ಆಟ ಹೀಗಿತ್ತು. ಝೋನಿನ ಹೊಟ್ಟೆಯಲ್ಲಿ, ಮುಂದಿನ ಇಬ್ಬರಿಗೂ ಹಿಂದಿನ ಮೂವರಿಗೂ ನಡುವೆ, ನನ್ನ ಮೊಮ್ಮಗಳು ನಿಲ್ಲಬೇಕು. ಅವಳು ಗಿಡ್ಡಿ, ಆದರೆ ಕಣ್ಣು ಚುರುಕು. ಹೊರಗೆ ಎರಡು ಮೂರು ಕೈ ದಾಟಿದ ಚೆಂಡು ಥಟ್ಟನೆ ಅವಳಿಗೆ ಬರಬೇಕು. ಆಗ ಬಾಸ್ಕೆಟ್ ಕಾಯುವ ನಡುವಿನವಳು ಅವಳನ್ನು ತಡೆಯಲು ಮುಂದೆ ಬರುತ್ತಾಳೆ. ಅವಳ ಬೆನ್ನ ಹಿಂದೆ, ಮೈದಾನದ ಕೊನೆಯ ಗೆರೆಯ ಅಂಚಿನಲ್ಲಿ ಅವಿತಿದ್ದ ನಮ್ಮ ಉದ್ದನೆಯ ಹುಡುಗಿ ಒಬ್ಬಳೇ ಉಳಿಯುತ್ತಾಳೆ. ಮೊಮ್ಮಗಳು ಚೆಂಡನ್ನು ಅವಳಿಗೆ ದಾಟಿಸಿದರೆ ಮುಗಿಯಿತು. ಎರಡು ವಾರ ಇದನ್ನೇ ತಿದ್ದಿದರು. ಗಂಗಾವತಿಯವರು ಮರುಪಂದ್ಯಕ್ಕೆ ಕೊಪ್ಪಳಕ್ಕೆ ಬರುವವರಿದ್ದರು. ಅದರಲ್ಲಿ ಆಡಿದ್ದನ್ನು ನೋಡಿ ಅಂತರ ಕಾಲೇಜು ಪಂದ್ಯಕ್ಕೆ ಹನ್ನೆರಡು ಜನರನ್ನು ಆರಿಸುತ್ತೇನೆಂದು ಮೇಡಂ ಹೇಳಿದ್ದರು. ಹಿಂದಿನ ವರ್ಷ ಮೊಮ್ಮಗಳನ್ನು ಗಿಡ್ಡಿ ಎಂದು ಕೈಬಿಟ್ಟಿದ್ದರು. ಈ ವರ್ಷ ಆ ಹನ್ನೆರಡರಲ್ಲಿ ಇರಬೇಕೆಂದು ಅವಳ ಜೀವವೆಲ್ಲ ಅದರಲ್ಲೇ ಇತ್ತು.

ಪಂದ್ಯಕ್ಕೆ ಎರಡು ದಿನ ಇರುವಾಗ ಮಧ್ಯಾಹ್ನ ಬೀಗತಿಯ ಮೆಸೇಜ್ ಬಂತು. "ಬೀಗರ, ಎತ್ತು ಕೆಸರಿನಿಂದ ಮ್ಯಾಲೆ ಬಂದ್ವೇನು?"

ಹೊಸದಾಗಿ ಟೈಪ್ ಮಾಡಲು ಕಲಿತಿದ್ದೆ. ಮೊದಲಾಗಿದ್ದರೆ ಫೋನು ಮಾಡುತ್ತಿದ್ದೆ, ಮಾತಿನಲ್ಲಿ ಮಾತು ತೇಲಿ ಹೋಗುತ್ತಿತ್ತು. ಈಗ ಕನ್ನಡಕ ಹಾಕಿಕೊಂಡು ಅರ್ಧ ತಾಸು ಕೂತು ಬರೆದೆ. "ಈ ಸಲ ನೋಡ್ರಿ. ನಮ್ಮಕಿ ನಿಮ್ಮ ಹುಡುಗ್ಯಾರ ನಡುವ ನಿಂದರ್ತಾಳ. ಚೆಂಡು ಅಕಿಗೆ ಬರ್ತೈತಿ. ನಿಮ್ಮ ನಡುವಿನಕಿ ಮುಂದ ಓಡಿ ಬರ್ತಾಳ. ಅಕಿ ಹಿಂದ ನಮ್ಮ ಉದ್ದನ್ನಾಕಿ. ಅಲ್ಲಿಗೆ ನಿಮ್ಮ ಗದ್ದಿ ಒಣಗಿತು." ಕಳಿಸಿದೆ. ಒಂದೂ ತಪ್ಪಿಲ್ಲದೆ ಇಷ್ಟುದ್ದ ಬರೆದೆನಲ್ಲ ಎಂದು ಎರಡು ಸಲ ಓದಿ ಖುಷಿಪಟ್ಟೆ. ಬೀಗತಿಯಿಂದ ಮಾತಿಲ್ಲ, ಬರೀ ಒಂದು ಹೆಬ್ಬೆರಳಿನ ಚಿತ್ರ ಬಂತು. ಸೋತರು ಅಂದುಕೊಂಡೆ.

ಪಂದ್ಯ ಶುರುವಾಗಿ ಐದು ನಿಮಿಷಕ್ಕೆ ನಾನು ಶೇಂಗಾ ಡಬ್ಬಿ ಮುಚ್ಚಿಟ್ಟೆ. ಗಂಗಾವತಿಯವರು ಮುಂದಿನ ಇಬ್ಬರಲ್ಲಿ ಒಬ್ಬಳನ್ನು ಹಿಂದೆ ಸರಿಸಿದ್ದರು. ಅವಳು ಬೀಗತಿಯ ಮೊಮ್ಮಗಳೇ. ಚೆಂಡಿನ ಕಡೆ ನೋಡದೆ ನನ್ನ ಮೊಮ್ಮಗಳ ಎದೆಗೆ ಎದೆ ಕೊಟ್ಟು ನಿಂತಳು. ಗೆರೆಯ ಅಂಚಿನ ಉದ್ದನೆಯ ಹುಡುಗಿಯ ಹಿಂದೆಯೂ ಒಬ್ಬಳು ಕಾದಿದ್ದಳು. ನಮ್ಮವರು ಕಲಿತದ್ದನ್ನು ಬಿಡದೆ ನಡುವಿಗೇ ಎಸೆದರು, ಅದು ಅವರ ಕೈಗೆ ಹೋಯಿತು. ಮತ್ತೆ ಎಸೆದರು, ಮತ್ತೆ ಹೋಯಿತು. ಬಾಸ್ಕೆಟ್ ಮುಂದಿನ ಬಣ್ಣದ ಚೌಕದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಚೆಂಡು ಈಗ ಬಂದೀತು, ಈಗ ಬಂದೀತು ಎಂದು ಕಾಯುತ್ತ ನಿಂತ ಮೊಮ್ಮಗಳ ಮೇಲೆ ರೆಫರಿ ಎರಡು ಸಲ ಸೀಟಿ ಊದಿದರು. ಅರ್ಧ ಆಟಕ್ಕೆ ಮೇಡಂ ಅವಳನ್ನು ಹೊರಗೆ ಕರೆದು ಕೂರಿಸಿದರು. ಅವಳು ತಲೆಗೆ ಟವೆಲ್ ಹೊದ್ದುಕೊಂಡಳು.

ಈ ಸಲವೂ ನಮ್ಮವರು ಸೋತರು. ಆಟ ಮುಗಿದ ಮೇಲೆ, ತಮ್ಮ ಮೊಮ್ಮಗಳ ಆಟ ನೋಡಲು ಬಂದಿದ್ದ ಬೀಗತಿಯನ್ನು ಮೂಲೆಗೆ ಎಳೆದು ಕೇಳಿದೆ. "ನಿಮ್ಮ ಹುಡುಗಿಗೆ ಹೇಳಿದ್ರೇನು?"

"ಅಯ್ಯ, ನಗಾಕಂತ ಓದಿ ತೋರಿಸಿದ್ನೆವ. ಅಕಿ ಫೋನ ಕಸಗೊಂಡು ಹೋಗಿಬಿಟ್ಲು." ನನ್ನ ಮುಖ ನೋಡಿ ಅವರೂ ನಗು ನಿಲ್ಲಿಸಿದರು. "ನನಗೇನು ಗೊತ್ತ್ರಿ ಬೀಗರ, ನೀವು ಖರೇನ ಬರದಿರಿ ಅಂತ."

ಮನೆಗೆ ಬಂದ ಮೊಮ್ಮಗಳು ಬೂಟನ್ನೂ ಬಿಚ್ಚದೆ ನನ್ನ ಹತ್ತಿರ ಕೂತಳು.

"ಅಮ್ಮ, ನೀ ಮ್ಯಾಲಿಂದ ಎಲ್ಲಾ ನೋಡ್ತಿ. ಖರೇ ಹೇಳು. ನಾ ನಿಧಾನ ಆದ್ನೇನು?"

ಹೇಳಲು ಅದೇ ಹೊತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವಳ ಕಣ್ಣು ನೋಡಿ ನನಗೆ ಹೆದರಿಕೆಯಾಯಿತು. ಈ ವಯಸ್ಸಿನಲ್ಲಿ ಮೊಮ್ಮಗಳ ಕಣ್ಣಲ್ಲಿ ಸಣ್ಣವಳಾಗುವ ಹೆದರಿಕೆ. "ಹೂಂ," ಅಂದೆ. "ಸ್ವಲ್ಪ ನಿಧಾನ ಆದೇನೋ ಕೂಸ."

ಬೀಗತಿಗೆ ಬರೆದದ್ದು ಬಡಾಯಿ. ಇದು ಸುಳ್ಳು. ಬರೆಯುವಾಗಲೂ ಮುಖ ಬಿಸಿಯಾಗುತ್ತಿದೆ.

ಮರುದಿನದಿಂದ ಅವಳು ಬೆಳಿಗ್ಗೆ ಎದ್ದು ಓಡತೊಡಗಿದಳು. ಮಲೆಮಲ್ಲೇಶ್ವರ ಬೆಟ್ಟದ ದಾರಿಯವರೆಗೆ ಹೋಗಿ, ತಿರುಗಿ ಬರುತ್ತಿದ್ದಳು. ಮಗ, ಸೊಸೆ ಬೇಡವೆಂದರೂ ಕೇಳಲಿಲ್ಲ. ಮೊಣಕಾಲ ಕೆಳಗಿನ ಪಿಂಡಿ ಬಿಗಿದು ಬಂದರೆ ನಾನು ಬಿಸಿನೀರು ಕಾಸಿ ಕಾಲಿಗೆ ಹಾಕುತ್ತಿದ್ದೆ. ಹಾಕುತ್ತ ಒಂದು ಮಾತೂ ಆಡಲಿಲ್ಲ. ಮೈದಾನದಲ್ಲಿ ಮೇಡಂ ನಡುವಿನ ಜಾಗಕ್ಕೆ ಬೇರೆ ಹುಡುಗಿಯನ್ನು ಹಾಕಿದ್ದರು. ಮೊಮ್ಮಗಳು ಹೊರಗೆ ಬಿದ್ದ ಚೆಂಡು ಆಯ್ದುಕೊಡುತ್ತಿದ್ದಳು. ಅದನ್ನು ನೋಡಲಾರದೆ ನಾನು ಮೊಣಕಾಲು ನೋವೆಂದು ಮನೆಯಲ್ಲೇ ಉಳಿದೆ. ಅದೂ ಸುಳ್ಳೇ.

ಒಂಬತ್ತನೆಯ ದಿನ ಹೆಸರಿನ ಪಟ್ಟಿ ಹಚ್ಚುತ್ತಾರೆಂದು ತಿಳಿಯಿತು. ಮೊಮ್ಮಗಳು ಹೋದ ಸ್ವಲ್ಪ ಹೊತ್ತಿಗೆ ಆಟೋ ಹಿಡಿದು ಹೋದೆ. ಹುಡುಗಿಯರೆಲ್ಲ ನೀರು ಕುಡಿಯುತ್ತ ಕೂತಿದ್ದರು. ಮೇಡಂ ಕೈಗೆ ಫೋನು ಕೊಟ್ಟು, "ಇದನ್ನ ಓದ್ರಿ. ಇದು ನಾ ಬರೆದದ್ದು, ಆಟಕ್ಕಿಂತ ಎರಡು ದಿನ ಮೊದ್ಲ," ಅಂದೆ.

ಮೇಡಂ ಓದಿದರು. ಎರಡನೇ ಸಲ ಎಲ್ಲರಿಗೂ ಕೇಳುವಂತೆ ಓದಿದರು. ಗದ್ದೆ ಒಣಗಿದ ಜಾಗ ಬಂದಾಗ ಒಬ್ಬಿಬ್ಬರು ಕಿಸಕ್ಕೆಂದರು. ಮೊಮ್ಮಗಳು ನಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

"ಅಕಿನ ಹೊರಗ ಇಡಬ್ಯಾಡ್ರಿ," ಅಂದೆ. "ತಪ್ಪು ನನ್ನದೈತಿ."

ಮೇಡಂ ಫೋನು ತಿರುಗಿ ಕೊಟ್ಟು, ಮತ್ತೆ ಚಪ್ಪಲಿ ಜೋಡಿಸಿದರು. "ಅಮ್ಮಾರ, ನೀವು ಮಾಡಿದ್ದು ಛಲೋ ಅಲ್ಲ. ಆದ್ರ ಗೊತ್ತಾದ್ರ ಮುರಿಯೋ ಆಟ ಕಲಿಸಿದ್ದು ನನ್ನ ತಪ್ಪು." ಮುಂದಿನ ಒಂದು ಚಪ್ಪಲಿಯನ್ನು ನಡುವಿಗೆ ಎಳೆದರು. "ಒಬ್ಬಾಕಿ ತನ್ನ ಜಾಗ ಬಿಟ್ಟು ನಡುವ ಬಂದು ಅಂಟಿಕೊಂಡ್ಲು. ಹಂಗಾದ್ರ ಅಕಿ ಕಾಯೋ ಜಾಗ ಯಾರು ಕಾಯಾಕತ್ಯಾರ? ಯಾರೂ ಇಲ್ಲ. ಅಲ್ಲಿಂದ ಯಾರರ ಒಗದ್ರೇನು? ಎಲ್ಲಾರೂ ನಡುವ ನೋಡಕೋತ ನಿಂತ್ರಿ."

ಉದ್ದನೆಯ ಹುಡುಗಿ ತಲೆ ತಗ್ಗಿಸಿದಳು. ಮೊಮ್ಮಗಳು ಎದ್ದು ಬಂದು ಚಪ್ಪಲಿಗಳ ಪಕ್ಕ ಕುಕ್ಕರುಗಾಲಲ್ಲಿ ಕೂತಳು. "ನಾ ನಿಂದರಬಾರದಿತ್ತು ಮೇಡಂ. ಮೂಲಿಗೆ ಓಡಿದ್ರ ಅಕಿ ನನ್ನ ಹಿಂದ ಬರ್ತಿದ್ಲು. ನಡುವ ಖಾಲಿ ಆಗ್ತಿತ್ತು. ಬ್ಯಾರೆ ಯಾರರ ಒಳಗ ಬರಬಹುದಿತ್ತು."

"ಮತ್ತ ಅದನ್ನ ಮಾಡಿ ತೋರಸು."

ಅವತ್ತು ಕತ್ತಲಾಗುವವರೆಗೆ ಅವಳು ನಡುವೆ ಆಡಿದಳು. ನಿಲ್ಲಲಿಲ್ಲ, ಸುಳಿದಾಡಿದಳು. ಪಟ್ಟಿಯಲ್ಲಿ ಅವಳ ಹೆಸರು ಹನ್ನೆರಡನೆಯದಾಗಿ ಬಂತು. ಮೊದಲೇ ಬರೆದಿದ್ದರೋ, ಆಮೇಲೆ ಸೇರಿಸಿದರೋ, ಮೇಡಂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮನೆಗೆ ನಡೆದು ಹೊರಟೆವು. ನನ್ನ ಎದೆ ಹಗುರಾಗಿತ್ತು, ಹಗುರಾದ ಕೂಡಲೇ ಬಾಯಿ ತನ್ನ ಚಾಳಿಗೆ ಬಂತು. "ನೋಡಿದ್ಯೇನು, ನಿಮ್ಮ ಮೇಡಮ್ಮ ಎಲ್ಲಾ ತಪ್ಪು ನಂದಲ್ಲ ಅಂದ್ರು. ಬೀಗರಿಗೆ ಹೇಳಿದ್ದಕ್ಕ ಹೊಸಾ ಆಟಾನರ ಕಲ್ತ್ರಿ," ಅಂದೆ.

ಅವಳು ನಿಂತಳು. ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡಳು.

"ಬೀಗರಿಗೆ ಹೇಳಿದ್ದು ಹೋಗ್ಲಿ ಬಿಡು ಅಮ್ಮ. ನಾ ನಿಧಾನ ಆದ್ನೇನು ಅಂತ ನಿನ್ನ ಕೇಳಿದ್ದೆ. ಹೂಂ ಅಂದಿ ನೀ. ಒಂಬತ್ತು ದಿನ ನಾ ಓಡಿ ಬರೋದು ನೋಡಿ, ಬಿಸಿನೀರು ಹಾಕಕೋತ ಸುಮ್ಮನ ಕುಂತಿ."