ಶಿವರಾಮನ ಕಿವಿ ಮತ್ತು ಮೂರನೇ ಸಿಲಿಂಡರು

ಶಿವರಾಮನ ಮುತ್ತಜ್ಜ ಕೆಂಚಾಚಾರಿ ಕಡೂರು ಸೀಮೆಯಲ್ಲಿ ಗಾಡಿಯ ಚಕ್ರಗಳಿಗೆ ಕಬ್ಬಿಣದ ಪಟ್ಟಿ ಕೂರಿಸುತ್ತಿದ್ದವನು. ಕೆಂಪಗೆ ಕಾದ ಪಟ್ಟಿ ಚಕ್ರದ ಮೇಲೆ ಬಿದ್ದಾಗ ಏಳುವ ಚಿಟಚಿಟ ಸದ್ದು ಕೇಳಿಯೇ ಮರ ಹಸಿಯೋ ಒಣಗಿದ್ದೋ ಹೇಳುತ್ತಿದ್ದನಂತೆ. ಒಮ್ಮೆ ಅವನೇ ಪಟ್ಟಿ ಕೂರಿಸಿದ್ದ ಮದುವೆ ದಿಬ್ಬಣದ ಗಾಡಿಯ ಚಕ್ರ ಹಳ್ಳದ ನಡುವೆ ಕಳಚಿಕೊಂಡು ಮದುಮಗಳು ನೀರಿಗೆ ಬಿದ್ದಳು. ಕೆಂಚಾಚಾರಿ ಮೀಸೆ ತಿರುವಿ, ಎತ್ತು ಅಡ್ಡ ಎಳೆದದ್ದೇ ತಪ್ಪು ಅಂದ. ಊರೂ ಹೌದೆಂದಿತು. ಅವನ ಮಗ ವೀರಾಚಾರಿ, ಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಬರ ಬಂದಾಗ, ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸನ್ನು ಅರಸೀಕೆರೆಗೂ ತಿಪಟೂರಿಗೂ ಹೊಡೆದವನು. ಬಸ್ಸಿನ ಒಲೆಯಲ್ಲಿ ಇದ್ದಿಲು ತಗ್ಗಿದ್ದು ಅವನಿಗೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ವೀರಾಚಾರಿಯ ಮಗ ಮಾಯಣ್ಣ ಮದರಾಸಿನಲ್ಲಿ ಹಡಗು ಹತ್ತಿ ಸಿಂಗಪುರಕ್ಕೆ ಬಂದು ಸೆಂಬವಾಂಗಿನ ಹಡಗುಕಟ್ಟೆಯಲ್ಲಿ ಫಿಟ್ಟರ್ ಆದ. ಮೊಳದುದ್ದದ ತೇಗದ ಕೋಲಿನ ಒಂದು ತುದಿ ಪಂಪಿನ ಮೇಲೆ, ಇನ್ನೊಂದು ತುದಿ ಕಿವಿಗೆ. ಒಳಗಿನ ಬೇರಿಂಗು ಯಾವ ವಾರ ಕೈಕೊಡುತ್ತದೆಂದು ಕೋಲು ಹಿಡಿದೇ ಹೇಳುತ್ತಿದ್ದ. ಅವನ ಮೇಲಿನ ಬಿಳಿ ಅಧಿಕಾರಿಗಳು ಮೊದಲು ನಕ್ಕರು, ಆಮೇಲೆ ಕೇಳಿಕೊಂಡು ಬಂದರು.

ಆ ಮಾಯಣ್ಣನ ಒಬ್ಬನೇ ಮಗ ಶಿವರಾಮ. ಹುಟ್ಟಿ ಬೆಳೆದದ್ದೆಲ್ಲ ಸಿಂಗಪುರದಲ್ಲೇ. ಶಾಲೆಯ ಓದು ಅರ್ಧಕ್ಕೆ ನಿಂತರೂ ಇಂಜಿನ್ನಿನ ವಿದ್ಯೆ ನಿಲ್ಲಲಿಲ್ಲ. ಚೋವಾ ಚು ಕಾಂಗಿನಲ್ಲಿ ಮನೆ, ಅಲ್ಲಿಂದ ಬಸ್ಸಿನಲ್ಲಿ ಹತ್ತು ನಿಮಿಷದ ದಾರಿಯಲ್ಲಿ ಎರಡು ಕಾರು ಹಿಡಿಯುವಷ್ಟು ವರ್ಕ್‌ಶಾಪು. ನಲವತ್ತು ವರ್ಷದಿಂದ ಅವನದು ಒಂದೇ ಕಟ್ಟಳೆ. ಬಾನೆಟ್ ಎತ್ತಿದ ಮೇಲೆ, ಸ್ಪ್ಯಾನರ್ ಮುಟ್ಟುವ ಮೊದಲು, ಕಣ್ಣು ಮುಚ್ಚಿ ನೂರು ಎಣಿಸುವವರೆಗೆ ಸುಮ್ಮನೆ ಕೇಳಬೇಕು. ಪಕ್ಕದ ಚೀನೀ ಅಂಗಡಿಯವರೂ ತಮ್ಮ ಕೈಗೆ ಹತ್ತದ ಗಾಡಿಯನ್ನು ಅವನ ಮುಂದೆ ತಂದು ನಿಲ್ಲಿಸಿ, ‘ಅಂಕಲ್, ಲಿಸನ್ ಲಾ’ ಎಂದು ಸಿಂಗಪುರದ ಇಂಗ್ಲಿಷಿನಲ್ಲಿ ಹೇಳಿ ಕೈಕಟ್ಟಿ ನಿಲ್ಲುತ್ತಿದ್ದರು. ಆಗ ಅವನ ಎದೆ ಒಂದು ಗೇಣು ಉಬ್ಬುತ್ತಿತ್ತು. ಸುಳ್ಳೇಕೆ ಹೇಳಬೇಕು, ಉಬ್ಬುವುದಕ್ಕೆ ಹಕ್ಕೂ ಇತ್ತು.

ಆದರೆ ಕಿವಿಗಡಚಿಕ್ಕುವ ಗಾಳಿಯ ಗನ್ನಿನಲ್ಲಿ ನಟ್ಟು ಬಿಚ್ಚುತ್ತ ಬಿಚ್ಚುತ್ತ ಬಲಗಿವಿ ಯಾವಾಗಲೋ ಕಳಚಿಕೊಂಡಿತ್ತು. ಮೊದಲು ಸಣ್ಣ ಸದ್ದುಗಳು ಹೋದವು, ಆಮೇಲೆ ಮಾತಿನ ತುದಿಗಳು ಹೋದವು. ಫೋನು ಬಲಗಿವಿಯಿಂದ ಎಡಗಿವಿಗೆ ದಾಟಿ ಆರು ವರ್ಷವಾಗಿತ್ತು. ಅದು ಶಿವರಾಮನಿಗೆ ಗೊತ್ತಿತ್ತು, ಬೇರೆ ಯಾರಿಗೂ ಗೊತ್ತಿರಲಿಲ್ಲ. ಕರೆದರೆ ತಿರುಗುವುದಿಲ್ಲ, ಅಷ್ಟು ಜಂಬ ಬಂದಿದೆ ಎಂದು ಹೆಂಡತಿ ಕಾಮಾಕ್ಷಿ ಗೊಣಗುತ್ತಿದ್ದಳು. ಜಂಬ ಎಂದುಕೊಂಡರೆ ಒಳ್ಳೆಯದೇ ಎಂದು ಅವನೂ ಬಿಟ್ಟಿದ್ದ.

ಕಾಮಾಕ್ಷಿ ಮೈಸೂರಿನಿಂದ ಮದುವೆಯಾಗಿ ಬಂದವಳು. ಐವತ್ತೆರಡನೇ ವಯಸ್ಸಿನಲ್ಲಿ ಕಾರು ಕಲಿತಳು. ಮೂರು ಸಲ ಫೇಲಾಗಿ ನಾಲ್ಕನೇ ಸಲಕ್ಕೆ ಲೈಸೆನ್ಸ್ ಕೈಗೆ ಬಂದ ದಿನ ಇಡೀ ಬ್ಲಾಕಿಗೆ ಮೈಸೂರುಪಾಕು ಹಂಚಿದ್ದಳು. ಅವಳ ಪುಟ್ಟ ಬಿಳಿ ಕಾರು ಪ್ರತಿ ಶನಿವಾರ ದ್ವೀಪದ ಈ ತುದಿಯಿಂದ ಆ ತುದಿಗೆ ಓಡುತ್ತಿತ್ತು. ಚಾಂಗಿ ಬಿಸಿನೆಸ್ ಪಾರ್ಕಿನ ಕಡೆ ಕೆಲಸ ಮಾಡುವ ಬೆಂಗಳೂರಿನವರ ಮಕ್ಕಳಿಗೆ ಒಂದು ಕಾಂಡೋ ವಸತಿಸಮುಚ್ಚಯದಲ್ಲಿ ಕನ್ನಡ, ದೇವರನಾಮ ಹೇಳಿಕೊಡುವುದು ಅವಳ ಕೆಲಸ. ಹಿಂದಿನ ಸೀಟಿನಲ್ಲಿ ಹಾರ್ಮೋನಿಯಂ, ಮುಂದಿನ ಸೀಟಿನಲ್ಲಿ ಕೋಡುಬಳೆ ಡಬ್ಬಿ. ಎಂಆರ್‌ಟಿ ರೈಲಿನಲ್ಲಿ ಆ ಹಾರ್ಮೋನಿಯಂ ಹೊತ್ತು ಹೋಗುವ ವಯಸ್ಸಲ್ಲ ಅವಳದು.

ಕಳೆದ ವರ್ಷ ಒಂದು ಸಂಜೆ ಅವಳು ಚಪ್ಪಲಿ ಬಿಡುತ್ತಲೇ ಹೇಳಿದಳು: “ರೀ, ಕಾರು ಬಿಕ್ಕಳಿಸ್ತಾ ಇದೆ. ಸಿಗ್ನಲ್‌ನಲ್ಲಿ ನಿಂತ್ರೆ ಸೀಟೇ ನಡುಗತ್ತೆ. ಆ ಹಳದಿ ಇಂಜಿನ್ ಲೈಟ್ ಬೇರೆ ಬಂದಿದೆ.”

“ಲೈಟ್‌ಗೇನು, ಕೆಲಸವಿಲ್ಲದೆ ಉರಿಯುತ್ತೆ. ನಾಳೆ ನೋಡ್ತೀನಿ ಬಿಡು.”

ಮಗಳು ಗಗನಾ ಅವತ್ತು ಮನೆಗೆ ಬಂದಿದ್ದಳು. ಬಸ್ ಡಿಪೋದಲ್ಲಿ ಟೆಕ್ನಿಷಿಯನ್ ಅವಳು. ಅಪ್ಪನ ಕೈಯ ಎಣ್ಣೆಜಿಡ್ಡು ನೋಡಿಯೇ ಆ ಕೆಲಸ ಹಿಡಿದವಳು.

“ಅಪ್ಪಾ, ಸ್ಕ್ಯಾನರ್ ಹಾಕಿದ್ರೆ ಎರಡೇ ನಿಮಿಷ. ಯಾವ ಸಿಲಿಂಡರ್ ಮಿಸ್ ಆಗ್ತಿದೆ ಅಂತ ಅದೇ ಹೇಳತ್ತೆ. ನಂದು ಬ್ಯಾಗಲ್ಲೇ ಇದೆ ಲಾ.”

“ಆ ಡಬ್ಬಿ ಹುಟ್ಟೋಕ್ ಮುಂಚೆ ಇಂಜಿನ್‌ಗಳು ಕೆಡ್ತಿರ್ಲಿಲ್ವೇನೆ? ನಿನ್ ಬಸ್‌ಗಳಿಗೆ ಹಾಕ್ಕೋ ಹೋಗು. ಈ ಮನೇಲಿ ಇಂಜಿನ್ ಮಾತಾಡುತ್ತೆ, ನಾವು ಕೇಳ್ತೀವಿ.”

“ಜಟ್ಟಿ ಬಿದ್ರೂ ಮೀಸೆ ಮಣ್ಣಾಗಬಾರದು ನಿಮ್ಮಪ್ಪಂಗೆ,” ಎಂದು ಕಾಮಾಕ್ಷಿ ಒಳಗಿನಿಂದ ಕೂಗಿದಳು. ಅದು ಅವನಿಗೆ ಕೇಳಲಿಲ್ಲ. ಗಗನಾ ನಕ್ಕದ್ದು ಮಾತ್ರ ಕಂಡಿತು.

ಮರುದಿನ ವರ್ಕ್‌ಶಾಪಿನಲ್ಲಿ ಶಿವರಾಮ ಕಾರಿನ ಬಾನೆಟ್ ಎತ್ತಿದ. ನಾಲ್ಕು ಸಿಲಿಂಡರಿನ ಇಂಜಿನ್ ಎಂದರೆ ನಾಲ್ಕು ಜನ ಹೊತ್ತ ಪಲ್ಲಕ್ಕಿ ಇದ್ದ ಹಾಗೆ. ಒಬ್ಬ ಕಾಲೆಳೆದರೂ ಪಲ್ಲಕ್ಕಿ ಕುಲುಕುತ್ತದೆ. ಆ ಒಬ್ಬ ಯಾರೆಂದು ಹಿಡಿಯುವ ಉಪಾಯ ಹಳೆಯದು, ಒಳ್ಳೆಯದು. ಇಂಜಿನ್ ಓಡುತ್ತಿರುವಾಗಲೇ ಪ್ರತಿ ಸಿಲಿಂಡರಿಗೆ ಕಿಡಿ ಕೊಡುವ ಕಾಯಿಲ್‌ನ ವೈರನ್ನು ಒಂದೊಂದಾಗಿ ಕಳಚಬೇಕು. ದುಡಿಯುವವನ ವೈರು ಕಳಚಿದರೆ ಇಂಜಿನ್ ಇನ್ನಷ್ಟು ಕುಗ್ಗುತ್ತದೆ. ಮೊದಲೇ ದುಡಿಯದವನದು ಕಳಚಿದರೆ ಸದ್ದು ಬದಲಾಗುವುದಿಲ್ಲ. ಒಂದನೆಯದು ಕಳಚಿದ, ಸದ್ದು ಕುಗ್ಗಿತು. ಎರಡನೆಯದು ಕಳಚಿದ. ಕುಗ್ಗಿತೋ ಇಲ್ಲವೋ? ಆಚೆ ಅಂಗಡಿಯಲ್ಲಿ ಗ್ರೈಂಡರು ಕಿರುಚುತ್ತಿತ್ತು. ಬಲಗಿವಿಯಲ್ಲಿ ಹತ್ತಿ ತುರುಕಿದಂತಿತ್ತು. ತಂದೆಯ ತೇಗದ ಕೋಲನ್ನು ಎಡಗಿವಿಗೆ ಇಟ್ಟ, ಮತ್ತೆ ಕೇಳಿದ. ಬದಲಾಗಲಿಲ್ಲ ಅನ್ನಿಸಿತು. ಎರಡನೆಯದೇ ಕಳ್ಳ ಎಂದು ತೀರ್ಮಾನ ಮಾಡಿ ಅದಕ್ಕೆ ಹೊಸ ಪ್ಲಗ್, ಹೊಸ ಕಾಯಿಲ್ ಹಾಕಿದ. ಮೂರು, ನಾಲ್ಕನ್ನು ಕಳಚಿ ನೋಡಲೇ ಇಲ್ಲ. ಆಮೇಲೆ ಬ್ಯಾಟರಿಯ ವೈರನ್ನು ಹತ್ತು ನಿಮಿಷ ಬಿಚ್ಚಿಟ್ಟು ಮತ್ತೆ ಕೂಡಿಸಿದ. ಕಾರಿನೊಳಗಿನ ಕಂಪ್ಯೂಟರಿನ ನೆನಪು ಅಳಿಸಿಹೋಗಿ ಹಳದಿ ದೀಪವೂ ಆರಿತು.

“ನೋಡು ಕಾಮು, ಹೋಯ್ತು ನಿನ್ನ ದೀಪ,” ಎಂದು ಸಂಜೆ ಮನೆಗೆ ಬಂದು ಹೆಂಡತಿಗೆ ಹೇಳಿದ. ರೋಗಿಯ ಬಾಯಿ ಕಟ್ಟಿ ಜ್ವರ ಬಿಟ್ಟಿತು ಅಂದ ಹಾಗೆ.

ಶನಿವಾರ ಬೆಳಿಗ್ಗೆ ಫೋನು ಬಂತು. ಕಾಮಾಕ್ಷಿ ದಾರಿಯಲ್ಲಿ ಪೆಟ್ರೋಲ್ ಬಂಕೊಂದರ ಪಕ್ಕಕ್ಕೆ ಕಾರು ನಿಲ್ಲಿಸಿದ್ದಳು.

“ರೀ, ಲೈಟ್ ಮತ್ತೆ ಬಂತು. ಈ ಸಲ ಮಿಟುಕ್ತಾ ಇದೆ. ಮುಂದೆ ಹೋಗ್ಲಾ, ಇಲ್ಲೇ ಬಿಟ್ಟು ಟ್ಯಾಕ್ಸಿ ಹಿಡೀಲಾ?”

ಸುಮ್ಮನೆ ಉರಿಯುವ ದೀಪ ಬೇರೆ, ಮಿಟುಕುವ ದೀಪ ಬೇರೆ. ಮಿಟುಕಿದರೆ, ಉರಿಯದ ಪೆಟ್ರೋಲು ಹೊಗೆಕೊಳವೆಗೆ ಇಳಿಯುತ್ತಿದೆ, ಅಲ್ಲಿ ಹೊಗೆ ಶುದ್ಧಿಮಾಡುವ ಕನ್ವರ್ಟರಿಗೆ ಬೆಂಕಿಯಿಡುತ್ತಿದೆ, ನಿಲ್ಲಿಸು ಎಂದರ್ಥ. ಇದನ್ನು ಗಗನಾ ಅವನಿಗೆ ಎರಡು ಸಲ ಹೇಳಿದ್ದಳು. ಶಿವರಾಮ ಏನು ಮಾಡಿದ ಗೊತ್ತೇ? “ಬಾನೆಟ್ ತೆಗೆದು ಫೋನ್ ಇಂಜಿನ್ ಹತ್ರ ಹಿಡಿ,” ಅಂದ. ಅವಳು ಹಿಡಿದಳು. ಅವನು ಎಡಗಿವಿಯಲ್ಲಿ, ಆ ಅಂಗೈಯಗಲದ ಯಂತ್ರದೊಳಗಿಂದ, ಅರ್ಧ ದ್ವೀಪದಾಚೆಯ ಇಂಜಿನ್ನನ್ನು ಕೇಳಿದ. ಕೇಳಿಸಿದ್ದು ಗೊರಗೊರ ಸದ್ದು ಅಷ್ಟೆ. ಗೊತ್ತಾಗುತ್ತಿಲ್ಲ ಎನ್ನಬಹುದಿತ್ತು, ಎನ್ನಲಿಲ್ಲ.

“ಸರಿಯಾಗೇ ಇದೆ. ಹೋಗು, ಏನಾಗಲ್ಲ.”

ಅವಳು ಹೋದಳು. ಗಂಡನ ಕಿವಿಯ ಮೇಲೆ ನಲವತ್ತು ವರ್ಷದ ನಂಬಿಕೆ.

ಹೆದ್ದಾರಿಯಲ್ಲಿ, ಮೂರನೇ ಸಾಲಿನಲ್ಲಿ, ಕಾರು ಉಸಿರು ಬಿಟ್ಟಿತು. ಆಕ್ಸಿಲರೇಟರ್ ಒತ್ತಿದರೂ ಮುಂದೆ ಹೋಗದು. ಕಾಲಡಿಯಿಂದ ಸುಟ್ಟ ವಾಸನೆ. ಬೆನ್ನ ಹಿಂದೆ ಲಾರಿಯ ಹಾರನ್ನು. ಹೇಗೋ ಎರಡು ಸಾಲು ದಾಟಿ ರಸ್ತೆಯ ಅಂಚಿಗೆ ತಂದಳು. ಮೈಗೆ ಗೀರೂ ಆಗಲಿಲ್ಲ. ರಿಕವರಿ ಗಾಡಿಯವನು ಬರುವವರೆಗೆ ಬಿಸಿಲಲ್ಲಿ, ತಡೆಗಂಬಿಯ ಆಚೆ, ಹಾರ್ಮೋನಿಯಂ ಅಪ್ಪಿಕೊಂಡು ನಿಂತಿದ್ದಳು.

ವರ್ಕ್‌ಶಾಪಿಗೆ ಬಂದ ಕಾರಿನ ಕೆಳಗೆ ಶಿವರಾಮ ತೂರಿದ. ಕನ್ವರ್ಟರ್ ಬಿಚ್ಚಿ ಟಾರ್ಚ್ ಬಿಟ್ಟ. ಜೇನುಗೂಡಿನಂತಿರಬೇಕಾದದ್ದು ಕರಗಿ ಬೆಲ್ಲದ ಪಾಕದಂತೆ ಮುದ್ದೆಯಾಗಿತ್ತು. ತನ್ನ ತಪ್ಪಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಹೊರಗೆ ಬಂದಾಗ ಕಾಮಾಕ್ಷಿ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದಳು.

“ನಾನೇನಾದ್ರೂ ತಪ್ಪು ಮಾಡಿದ್ನಾ?” ಎಂದು ಕೇಳಿದಳು.

“ಅಷ್ಟೊಂದು ಒತ್ತಿದ್ರೆ ಇನ್ನೇನಾಗುತ್ತೆ? ಕಾರು ನಡುಗಿದಾಗ ಕಾಲು ತೆಗೀಬೇಕು. ನಿನಗೆ ಅಂದಾಜಿಲ್ಲ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಾಮಾಕ್ಷಿ ಜಗಳವಾಡುವವಳು, ಒಂದಕ್ಕೆ ನಾಲ್ಕು ಕೊಡುವವಳು. ಅವತ್ತು “ಓ” ಎಂದಳು, ಅಷ್ಟೆ. ಮನೆಗೆ ಹೋಗಿ ಕಾರಿನ ಇನ್ನೊಂದು ಬೀಗದ ಕೈಯನ್ನು ದೇವರ ಗೂಡಿನ ಪಕ್ಕದ ಮೊಳೆಗೆ ತಗುಲಿಹಾಕಿದಳು. ಮತ್ತೆ ಅದನ್ನು ಮುಟ್ಟಲಿಲ್ಲ.

ಎಂಟು ತಿಂಗಳು ಕಳೆದವು. ಶನಿವಾರದ ಪಾಠ ನಿಂತಿತು. ಆಯುಷ್, ರಿಷಿಕಾ ಎಂಬಿಬ್ಬರು ಮಕ್ಕಳ ತಾಯಿ ನಳಿನಿ ಎರಡು ಮೂರು ಸಲ ಫೋನು ಮಾಡಿ, “ಆಂಟಿ, ನಾವೇ ಪಿಕಪ್ ಮಾಡ್ತೀವಿ, ಬನ್ನಿ,” ಅಂದಳು. “ಬೇಡಮ್ಮ, ನನಗೂ ವಯಸ್ಸಾಯ್ತು,” ಎಂದು ಕಾಮಾಕ್ಷಿ ನಕ್ಕಳು. ಆ ನಗು ಶಿವರಾಮನಿಗೆ ಕೇಳದಿದ್ದರೂ ಕಾಣುತ್ತಿತ್ತು. ಕಣ್ಣು ಚೆನ್ನಾಗಿಯೇ ಇತ್ತಲ್ಲ. ಅರವತ್ತೈದು ತುಂಬುವವರು ಲೈಸೆನ್ಸ್ ಉಳಿಸಿಕೊಳ್ಳಲು ಡಾಕ್ಟರಿಂದ ಪರೀಕ್ಷೆ ಮಾಡಿಸಿಕೊಳ್ಳಬೇಕು. ಅವಳಿಗೆ ಬರುವ ತಿಂಗಳು ಅರವತ್ತೈದು. ಆ ಪರೀಕ್ಷೆಗೆ ಕರೆಯುವ ಕಾಗದ ಬಂದಾಗ ಅವಳು ಅದನ್ನು ಮಡಿಸಿ ಹಳೇ ಪೇಪರಿನ ಕಟ್ಟಿಗೆ ಸೇರಿಸಿದಳು. ಅವನು ಬಾಗಿಲಲ್ಲಿ ನಿಂತು ನೋಡಿದ. ಈಗ ನಿಜ ಹೇಳಬೇಕು ಅಂದುಕೊಂಡ. ಕಾಫಿ ಕೇಳಿದ.

ಕಾರಿಗೆ ಹೊಸ ಕನ್ವರ್ಟರೇನೋ ಹಾಕಿದ್ದ. ಆದರೆ ಇಂಜಿನ್ನಿನ ಬಿಕ್ಕಳಿಕೆ ನಿಂತಿರಲಿಲ್ಲ. ತಣ್ಣಗಿದ್ದಾಗ ಸರಿಯಾಗಿರುವುದು, ಕಾದ ಮೇಲೆ ಕುಲುಕುವುದು. ಅದನ್ನು ಹಿಡಿಯಲು ಅವನಿಂದ ಆಗಲಿಲ್ಲ. ಕಾರಿಗೆ ಮುಸುಕು ಹೊದಿಸಿ ಮೂಲೆಗೆ ತಳ್ಳಿದ್ದ.

ಮೊನ್ನೆ ಭಾನುವಾರ ಗಗನಾ ಅಮ್ಮ ಕಟ್ಟಿಕೊಟ್ಟ ಬುತ್ತಿಯನ್ನು ವರ್ಕ್‌ಶಾಪಿಗೆ ತಂದಳು. ಅವನು ಚಿತ್ರಾನ್ನದ ಡಬ್ಬಿ ಬಿಚ್ಚುವಷ್ಟರಲ್ಲಿ ಮುಸುಕು ಸರಿಸಿ, ಕಾರು ಸ್ಟಾರ್ಟ್ ಮಾಡಿ, ಇಂಜಿನ್ ಬಿಸಿಯಾಗಲು ಬಿಟ್ಟು, ಸ್ಟೇರಿಂಗಿನ ಕೆಳಗೆ ತನ್ನ ಸ್ಕ್ಯಾನರಿನ ವೈರು ಸಿಕ್ಕಿಸಿದ್ದಳು. ಅವನು ಈ ಸಲ ಬೇಡವೆನ್ನಲಿಲ್ಲ.

“ಮೂರನೇದು ಅಪ್ಪ. ಎರಡಲ್ಲ. ಮೂರರ ಕಾಯಿಲ್ ತೆಗೆದು ಒಂದಕ್ಕೆ ಹಾಕಿದೆ, ಈಗ ಒಂದು ಮಿಸ್ ಆಗ್ತಿದೆ. ಕಾಯಿಲೇ ಬಿರುಕು ಬಿಟ್ಟಿದೆ, ಬಿಸಿಯಾದ್ರೆ ಕೈಕೊಡತ್ತೆ. ಇಷ್ಟೇ ಲಾ!”

ಇಷ್ಟೇ. ಅಂಗೈಯಲ್ಲಿ ಹಿಡಿಯುವ ಒಂದು ತುಂಡು. ಶಿವರಾಮ ತುತ್ತು ಎತ್ತಿದ ಕೈಯನ್ನು ಡಬ್ಬಿಗೇ ಇಳಿಸಿದ.

ಗಗನಾ ಅವನ ಬಲಗಡೆ ಬಂದು ನಿಂತು ಏನೋ ಕೇಳಿದಳು. ಅವನು ಕಾರನ್ನೇ ನೋಡುತ್ತಿದ್ದ. ಮತ್ತೊಮ್ಮೆ ಕೇಳಿದಳು. ಆಮೇಲೆ ಎಡಗಡೆಗೆ ಸುತ್ತಿ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತಳು.

“ಎಷ್ಟು ವರ್ಷ ಆಯ್ತಪ್ಪ, ಈ ಕಿವಿ ಹೋಗಿ?”

“ಏಳಾಗ್ತಾ ಬಂತು.”

“ಅಮ್ಮಂಗೆ ಗೊತ್ತಾ?”

“ಗೊತ್ತಿಲ್ಲ.”

“ಕಾರು ಅಮ್ಮ ಕೆಡಿಸಿದ್ದು ಅಂತ ನೀವೇ ಹೇಳಿದ್ದಾ?”

ಅವನು ಹೌದೆಂದು ತಲೆಯಾಡಿಸಿದ. ಗಗನಾ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಎದ್ದು ಇಂಜಿನ್ ಆರಿಸಿ, ಕೈ ಒರೆಸಿಕೊಂಡು, ಮೆತ್ತಗೆ ಹೇಳಿದಳು: “ನಾನು ಹೇಳ್ತೀನಿ ಬಿಡಿ. ಅಪ್ಪಂಗೆ ಕಿವಿ ಪ್ರಾಬ್ಲಮ್ ಇತ್ತು, ಗೊತ್ತಾಗ್ಲಿಲ್ಲ ಅಂತೀನಿ. ಅಮ್ಮ ಅರ್ಥ ಮಾಡ್ಕೋತಾರೆ. ಡಾಕ್ಟರ್ ಟೆಸ್ಟ್‌ಗೂ ನಾನೇ ಬುಕ್ ಮಾಡ್ತೀನಿ, ಇಬ್ರಿಗೂ. ಬನ್ನಿ, ಮನೆಗೆ ಬಿಡ್ತೀನಿ.”

ಶಿವರಾಮ ಡಬ್ಬಿಯ ಮುಚ್ಚಳ ಹಾಕಿದ.

“ಬೇಡ ಮಗಳೆ. ಕಿವಿ ಕೆಟ್ಟಿದೆ ಅಂದ್ರೆ ನಿಮ್ಮಮ್ಮ ಅಯ್ಯೋ ಪಾಪ ಅಂತಾಳೆ, ಎಣ್ಣೆ ಬಿಸಿ ಮಾಡಿ ಹಾಕೋಕೆ ಕೂತ್ಕೋತಾಳೆ. ನಾನು ಸುಳ್ಳು ಹೇಳಿದ್ದು ಆ ಪಾಪದಲ್ಲಿ ಮುಚ್ಚಿಹೋಗುತ್ತೆ. ಕಿವಿ ಏನು ಸುಳ್ಳು ಹೇಳಿತೇ? ಹೇಳಿದವನು ನಾನು, ಅವಳ ಮುಂದೆ ಒಪ್ಪಿಕೊಳ್ಳೋದೂ ನಾನೇ. ನೀನು ಜೊತೆಗೂ ಬರಬೇಡ, ಮುಂಚೆ ಫೋನೂ ಮಾಡಬೇಡ. ಬೈದ್ರೆ ನನ್ನೊಬ್ಬನಿಗೇ ಬೈಲಿ. ನೀನು ಹೊರಡು, ನಾನು ಬಸ್ಸಲ್ಲಿ ಹೋಗ್ತೀನಿ.”